ಕುಂದಾಪುರ ಸೀಮೆಯ ಮೂವರು ಚಿತ್ರನಿರ್ದೇಶಕರು

ಘಟ್ಟದ ಬುಡದಿಂದ ಪಡುಗಡಲಿನ ಮಳಲಿನವರೆಗೆ ಹಬ್ಬಿರುವ ಕುಂದಾಪುರ ಸೀಮೆಯು ಹಿಂದಿನಿಂದಲೂ ಆಟದ ನಾಡೆನಿಸಿಕೊಂಡು ಬಂದುದು ವಾಚಕರಿಗೆ ತಿಳಿದ ವಿಷಯವೇ ಆಗಿದೆ. ಇಲ್ಲಿ ಆಟವೆಂದರೆ ಬಯಲಾಟ. ಮಂದಾರ್ತಿ, ಮಾರಣಕಟ್ಟೆ, ಸೌಕೂರು, ಕಮಲಶಿಲೆ, ಅಮೃತೇಶ್ವರಿ, ಸಾಲಿಗ್ರಾಮ ಮೊದಲಾದ ಮೇಳಗಳು ಮಳೆಗಾಲ ಕಳೆದು ಗೆಜ್ಜೆ ಕಟ್ಟಿದರೆ, ಮತ್ತೆ ಮಳೆ ಹಿಡಿಯುವ ತನಕ ಊರಿಂದೂರಿಗೆ ತಿರುಗುವುವು. ಬ್ರಹ್ಮಾವರದ ಆಸುಪಾಸಿನ ಹಾರಾಡಿ, ಮಟಪಾಡಿ ಎಂಬ ಎರಡು ಸಣ್ಣ ಊರುಗಳು ಬಡಗುತಿಟ್ಟಿನ ಎರಡು ಸಂಪ್ರದಾಯಗಳಿಗೆ ತಮ್ಮ ಹೆಸರನ್ನಿತ್ತಿವೆ. ಉಪ್ಪಿನಕುದ್ರುವಿನಲ್ಲಿ ಅದೇ ಯಕ್ಷಗಾನವನ್ನು ಸೂತ್ರದ ಗೊಂಬೆಗಳು ಆಡುತ್ತವೆ. ಇವಲ್ಲದೆ ಪಾಣಾರರು ನಡೆಯಿಸುವ ದೈವದ ಕೋಲಗಳೂ ಇವೆ. ಆದರೆ ಅದು ಆಟವಲ್ಲ, ಆರಾಧನೆ. ವೇಷವೂ ಹೆಜ್ಜೆಯೂ ಎರಡರಲ್ಲಿಯೂ ಇದ್ದರೂ ಒಂದನ್ನು ಜನರು ನೋಡುವುದಕ್ಕೆ ಹೋಗುವರು, ಇನ್ನೊಂದರ ಮುಂದೆ ಕೈಮುಗಿದು ನಿಲ್ಲುವರು. ಈ ವ್ಯತ್ಯಾಸವನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದೆ ಬರುವ ವಿಚಾರವು ತಿಳಿಯಾಗುವುದು.

ಇಂತಹ ನಾಡಿನವರು ಚಲಚ್ಚಿತ್ರವೆಂಬ ಹೊಸ ವಿದ್ಯೆಯನ್ನು ಕೈಗೆತ್ತಿಕೊಂಡಾಗ ಏನಾಯಿತೆಂಬುದು ಚರಿತ್ರೆಯ ದೃಷ್ಟಿಯಿಂದ ವಿಚಾರಾರ್ಹವಾದುದು. ೨೦೧೮ರಲ್ಲಿ ಬೈಂದೂರು, ಬ್ರಹ್ಮಾವರಗಳು ಬೇರೆ ಬೇರೆ ತಾಲೂಕುಗಳಾದುವು. ಈಗಿನ ಮೂರು ತಾಲೂಕುಗಳ ಲೆಕ್ಕದಲ್ಲಿ ನೋಡಿದರೆ ಒಂದೊಂದಕ್ಕೂ ಒಬ್ಬೊಬ್ಬ ನಿರ್ದೇಶಕರು ಸಲ್ಲುತ್ತಾರೆ: ಬ್ರಹ್ಮಾವರಕ್ಕೆ ಕೋಟದ ಶಿವರಾಮ ಕಾರಂತರು, ಬೈಂದೂರಿಗೆ ಪಡುಕೋಣೆಯ ಮನೆತನದ ಗುರುದತ್ತರು, ಕುಂದಾಪುರಕ್ಕೆ ಕೆರಾಡಿಯ ರಿಷಬ್ ಶೆಟ್ಟರು. ಮೂವರೂ ಮೊದಲು ಕುಣಿದವರು, ವೇಷ ಹಾಕಿದವರು. ತರುವಾಯ ಇತರರನ್ನು ಆಡಿಸಿದವರು. ಕೋಟೇಶ್ವರದ ನಂಟುಳ್ಳ ಕಾಶೀನಾಥರೂ (೧೯೫೧–೨೦೧೮) ಅವರ ಶಿಷ್ಯರಾದ ಉಪೇಂದ್ರರೂ ಇದೇ ಸಾಲಿಗೆ ಸೇರತಕ್ಕವರಾದರೂ ಅವರ ಕಾರ್ಯಕ್ಷೇತ್ರವು ಬೆಂಗಳೂರೇ ಆದುದರಿಂದ ಅವರ ವಿಚಾರವನ್ನು ಬೇರೆಯಾಗಿ ಬರೆಯಬೇಕಾಗುವುದು. ಇಲ್ಲಿ ಹೇಳಿದ ಮೂವರ ವೃತ್ತಿಯನ್ನೂ ಗೃಹಜೀವನವನ್ನೂ ಜೊತೆಯಲ್ಲಿಟ್ಟು ನೋಡಿದಾಗ ಒಂದು ಪ್ರಶ್ನೆ ಏಳುತ್ತದೆ. ಊರು ಬಿಟ್ಟ ಕಲಾವಿದನು ಊರಿಗೆ ಏನನ್ನು ತಂದನು? ಅದರ ಬೆಲೆಯನ್ನು ತೆತ್ತವರು ಯಾರು?

ಕಾರಂತರು ೧೯೦೨ನೆಯ ಇಸವಿ ಅಕ್ಟೋಬರ ೧೦ರಂದು ಕೋಟದಲ್ಲಿ ಹುಟ್ಟಿದರು. ಗಾಂಧೀಜಿಯವರ ಅಸಹಕಾರದ ಕರೆಗೆ ಓಗೊಟ್ಟು ಕಾಲೇಜನ್ನು ಬಿಟ್ಟರು. ಖಾದಿ ಪ್ರಚಾರ, 'ವಸಂತ' ಮಾಸಪತ್ರಿಕೆ, ನಾಟಕ ಹೀಗೆ ಒಂದರಿಂದೊಂದಕ್ಕೆ ಸಾಗುತ್ತ, ನಾಟಕಗಳನ್ನು ಬರೆದು, ಆಡಿಸಿ, ತಾವೂ ಬಣ್ಣ ಹಚ್ಚಿ ರಂಗಕ್ಕಿಳಿದರು. ಆ ಹುರುಪಿನಲ್ಲಿಯೇ ೧೯೩೦–೩೧ರ ಸುಮಾರಿಗೆ 'ಡೊಮಿಂಗೋ', 'ಭೂತರಾಜ್ಯ' ಎಂಬ ಎರಡು ಮೂಕಚಿತ್ರಗಳನ್ನು ತೆಗೆದರು. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ'ವು ತೆರೆಗೆ ಬಂದುದು ೧೯೩೪ರಲ್ಲಿ ಎಂಬುದನ್ನು ನೆನೆದರೆ, ಕೋಟದ ತರುಣರೊಬ್ಬರು ಅದಕ್ಕೂ ಮುಂಚೆಯೇ ಈ ಸಾಹಸಕ್ಕೆ ಕೈಯಿಕ್ಕಿದುದು ಸಣ್ಣ ಮಾತಲ್ಲ. ಚಿತ್ರಕ್ಕೆ ಬೇಕಾದ ಯಂತ್ರ, ಧನ, ಪ್ರದರ್ಶನಶಾಲೆಗಳೆಲ್ಲವೂ ದೊಡ್ಡ ಪಟ್ಟಣಗಳಲ್ಲಿದ್ದ ಆ ಕಾಲದಲ್ಲಿ ಕರಾವಳಿಯಲ್ಲಿ ಕುಳಿತು ಈ ಉದ್ಯಮವನ್ನು ಬೆಳೆಯಿಸುವುದು ಒಬ್ಬನಿಂದ ಆಗತಕ್ಕುದಲ್ಲ. ಕಾರಂತರು ಅದನ್ನು ಅಲ್ಲಿಗೆ ಬಿಟ್ಟು ಪುತ್ತೂರಿನಲ್ಲಿ ನೆಲೆನಿಂತು ಕಾದಂಬರಿಗೂ ಮಕ್ಕಳ ಶಿಕ್ಷಣಕ್ಕೂ ಯಕ್ಷಗಾನದ ಶೋಧನೆಗೂ ತಿರುಗಿದರು.

ಅವರ ಗೃಹಜೀವನವೂ ಆ ಕಾಲಕ್ಕೆ ಒಂದು ಧೈರ್ಯದ ಹೆಜ್ಜೆಯಾಗಿತ್ತು. ೧೯೩೬ರಲ್ಲಿ ಅವರು ಬಂಟ ಮನೆತನದ ಲೀಲಾ ಆಳ್ವರನ್ನು ಲಗ್ನವಾದರು. ಕೋಟದ ಬ್ರಾಹ್ಮಣ ಮನೆಯ ಮಗನು ಜಾತಿಯನ್ನು ಮೀರಿ ಮದುವೆಯಾಗುವುದನ್ನು ಅಂದಿನ ಸಮಾಜವು ಸುಲಭವಾಗಿ ಒಪ್ಪತಕ್ಕುದಲ್ಲ. ಪುತ್ತೂರಿನ ಬಾಲವನದ ಆ ಸಂಸಾರವು ವರಮಾನಕ್ಕಿಂತ ಹೆಚ್ಚಾಗಿ ಸಾಲವನ್ನೂ, ವಿಶ್ರಾಂತಿಗಿಂತ ಹೆಚ್ಚಾಗಿ ಅತಿಥಿಗಳನ್ನೂ ಕಂಡಿತು. ಹಿರಿಯ ಮಗನು ಯೌವನದಲ್ಲಿಯೇ ತೀರಿಹೋದ ದುಃಖವನ್ನೂ ದಂಪತಿಗಳು ಸಹಿಸಬೇಕಾಯಿತು. ೧೯೭೫ರಲ್ಲಿ ಅವರ 'ಚೋಮನ ದುಡಿ'ಯನ್ನು ಬಿ. ವಿ. ಕಾರಂತರು ಚಿತ್ರವಾಗಿ ಮಾಡಿದಾಗ ಅದಕ್ಕೆ ರಾಷ್ಟ್ರದ ಸ್ವರ್ಣಕಮಲವು ಬಂತು. ೧೯೭೮ರಲ್ಲಿ, ಎಪ್ಪತ್ತೈದು ದಾಟಿದ ವಯಸ್ಸಿನಲ್ಲಿ, ಶಿವರಾಮ ಕಾರಂತರು ತಾವೇ ಪುನಃ ನಿರ್ದೇಶಕರಾಗಿ ತಮ್ಮ 'ಕುಡಿಯರ ಕೂಸು' ಕಾದಂಬರಿಯನ್ನು 'ಮಲೆಯ ಮಕ್ಕಳು' ಎಂಬ ಚಿತ್ರವನ್ನಾಗಿ ತಂದರು. ಅಷ್ಟು ಹೊತ್ತಿಗೆ ಅವರು ಹುಟ್ಟೂರಿನ ಪಕ್ಕದ ಸಾಲಿಗ್ರಾಮಕ್ಕೆ ಮರಳಿ ಬಂದಿದ್ದರು. ಲೀಲಾ ಅವರು ೧೯೮೬ರಲ್ಲಿಯೂ ಕಾರಂತರು ೧೯೯೭ರಲ್ಲಿಯೂ ಕಾಲವಾದರು. ಮೂಕಚಿತ್ರಕ್ಕೂ 'ಮಲೆಯ ಮಕ್ಕಳು' ಚಿತ್ರಕ್ಕೂ ನಡುವೆ ಉಳಿದ ನಾಲ್ವತ್ತೇಳು ವರ್ಷಗಳ ಅಂತರವು, ಊರಿನಲ್ಲಿದ್ದುಕೊಂಡು ಚಿತ್ರ ತೆಗೆಯುವುದು ಎಷ್ಟು ದುಸ್ತರವಾಗಿತ್ತೆಂಬುದಕ್ಕೆ ಸಾಕ್ಷಿಯಾಗಿದೆ.

ಎರಡನೆಯವರಾದ ಗುರುದತ್ತರ ವಿಚಾರವು ಇದಕ್ಕೆ ತೀರ ವಿರುದ್ಧವಾದುದು. ಸೌಪರ್ಣಿಕಾ ನದಿಯ ದಡದ ಪಡುಕೋಣೆಯು ಹಲವು ಸಾರಸ್ವತ ಮನೆತನಗಳ ಮೂಲಸ್ಥಾನ. ಅಲ್ಲಿಂದ ಹೊರಟವರು ಹೋದಲ್ಲೆಲ್ಲ ಊರಿನ ಹೆಸರನ್ನು ತಮ್ಮ ಹೆಸರಿನೊಡನೆ ಕೊಂಡುಹೋದರು. ವಸಂತಕುಮಾರ ಶಿವಶಂಕರ ಪಡುಕೋಣೆ ಎಂಬ ಬಾಲಕನು ೧೯೨೫ನೆಯ ಜುಲಾಯಿ ೯ರಂದು ಬೆಂಗಳೂರಿನಲ್ಲಿ ಹುಟ್ಟಿ, ಕಲ್ಕತ್ತೆಯಲ್ಲಿ ಬೆಳೆದು, ಗುರುದತ್ತನೆಂಬ ಹೆಸರಿನಿಂದ ಲೋಕಕ್ಕೆ ಪರಿಚಿತನಾದನು. ಹುಡುಗನಿಗೆ ಮೊದಲು ಹಿಡಿದುದು ನೃತ್ಯದ ಹುಚ್ಚು. ಅಲ್ಮೋರದಲ್ಲಿ ಉದಯಶಂಕರರ ಕೇಂದ್ರದಲ್ಲಿ ಕಲಿತು, ೧೯೪೪ರಲ್ಲಿ ಪುಣೆಯ ಪ್ರಭಾತ ಸಂಸ್ಥೆಗೆ ಸೇರಿ, ಅಲ್ಲಿ ಸಣ್ಣಪುಟ್ಟ ಪಾತ್ರಗಳನ್ನು ವಹಿಸುತ್ತ, ನೃತ್ಯಗಳನ್ನು ಹೊಂದಿಸುತ್ತ, ಸಹಾಯಕ ನಿರ್ದೇಶಕನಾಗಿ ದುಡಿದನು. ದೇವಾನಂದರ ಸ್ನೇಹವಾದುದೂ ಅಲ್ಲಿಯೇ. ಆ ಸ್ನೇಹದ ಫಲವಾಗಿ ೧೯೫೧ರಲ್ಲಿ 'ಬಾಜಿ' ಚಿತ್ರದ ನಿರ್ದೇಶನವು ಕೈಗೆ ಬಂತು.

ಅಲ್ಲಿಂದ ಮುಂದಿನ ಎಂಟು ವರ್ಷಗಳಲ್ಲಿ ಗುರುದತ್ತರು ನಿರ್ದೇಶಿಸಿದ ಚಿತ್ರಗಳು ಎಂಟು. 'ಆರ್ ಪಾರ್' (೧೯೫೪), 'ಮಿಸ್ಟರ್ ಅಂಡ್ ಮಿಸೆಸ್ ೫೫' (೧೯೫೫) ಹಣವನ್ನು ತಂದುವು. 'ಪ್ಯಾಸಾ' (೧೯೫೭) ಹಣವನ್ನೂ ಕೀರ್ತಿಯನ್ನೂ ತಂದಿತು. ೧೯೫೯ರ 'ಕಾಗಜ್ ಕೆ ಫೂಲ್' ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ, ಮೈಸೂರಿನ ವಿ. ಕೆ. ಮೂರ್ತಿಯವರು ಅದರಲ್ಲಿ ಹಿಡಿದ ಬೆಳಕಿನ ಕೋಲುಗಳನ್ನು ಇಂದಿಗೂ ಛಾಯಾಗ್ರಾಹಕರು ಅಭ್ಯಾಸ ಮಾಡುತ್ತಾರೆ. ಆದರೆ ಅಂದಿನ ಪ್ರೇಕ್ಷಕರು ಅದನ್ನು ತಿರಸ್ಕರಿಸಿದರು. ಆ ಸೋಲಿನ ತರುವಾಯ ಅವರು ಚಿತ್ರಗಳನ್ನು ತಯಾರಿಸಿದರು, ಅವುಗಳಲ್ಲಿ ನಟಿಸಿದರು. ನಿರ್ದೇಶಕನೆಂದು ತಮ್ಮ ಹೆಸರನ್ನು ಮಾತ್ರ ಇನ್ನೊಮ್ಮೆ ಹಾಕಿಕೊಳ್ಳಲಿಲ್ಲ. ಸಂಸಾರದಲ್ಲಿಯೂ ನೆಮ್ಮದಿ ಉಳಿಯಲಿಲ್ಲ. 'ಬಾಜಿ'ಯ ಹಾಡುಗಳ ಕಾಲದಲ್ಲಿ ಪರಿಚಿತರಾದ ಗಾಯಕಿ ಗೀತಾ ರಾಯರನ್ನು ಅವರು ೧೯೫೩ರ ಮೇ ತಿಂಗಳಲ್ಲಿ ಮದುವೆಯಾಗಿದ್ದರು, ಮೂವರು ಮಕ್ಕಳಾದರು. ಪತ್ನಿಯನ್ನೇ ನಾಯಿಕೆಯಾಗಿಟ್ಟು ಆರಂಭಿಸಿದ 'ಗೌರಿ' ಎಂಬ ಚಿತ್ರವು ನಡುವೆಯೇ ನಿಂತುಹೋಯಿತು. ಮುರಿದ ಸಂಸಾರದ ನಿರ್ದೇಶಕನೊಬ್ಬನ ಕಥೆಯನ್ನು ತೆರೆಯ ಮೇಲೆ ಹೇಳಿದವರು ಮನೆಯಲ್ಲಿಯೂ ಅದನ್ನೇ ಅನುಭವಿಸಿದರು. ೧೯೬೪ನೆಯ ಅಕ್ಟೋಬರ ೧೦ರಂದು, ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ ಗುರುದತ್ತರು ಮುಂಬಯಿಯಲ್ಲಿ ತೀರಿಕೊಂಡರು. ಗೀತಾ ಅವರೂ ೧೯೭೨ರಲ್ಲಿ, ನಾಲ್ವತ್ತೊಂದರ ಪ್ರಾಯದಲ್ಲಿ ಗತಿಸಿದರು. ಮಗನನ್ನು ಕಳೆದುಕೊಂಡ ತಾಯಿ ವಾಸಂತಿ ಪಡುಕೋಣೆಯವರು ಆತನ ನೆನಪುಗಳನ್ನು ಬರೆದುದು ಕನ್ನಡದಲ್ಲಿ ಎಂಬುದು ಇಲ್ಲಿ ಗಮನಿಸತಕ್ಕ ಸಂಗತಿ. ಮಗನ ಚಿತ್ರಗಳಲ್ಲಿ ಪಡುಕೋಣೆಯ ನದಿಯಾಗಲಿ ಮಾತಾಗಲಿ ಬರಲಿಲ್ಲ. ತಾಯಿಯ ಶೋಕವು ಮಾತ್ರ ನಾಡಿನ ಭಾಷೆಯನ್ನು ಅರಸಿಕೊಂಡು ಬಂತು.

ಒಬ್ಬರು ಊರಿನ ಕಡೆಯಲ್ಲಿ ಉಳಿದು ಚಿತ್ರವನ್ನು ಬಿಟ್ಟರು. ಇನ್ನೊಬ್ಬರು ಚಿತ್ರದಲ್ಲಿ ಉಳಿದು ಊರಿನಿಂದ ದೂರವಾದರು. ಈ ಎರಡನ್ನೂ ಒಂದುಗೂಡಿಸುವ ಸಂದರ್ಭವು ಒದಗಿದುದು ಮೂರನೆಯವರ ಕಾಲದಲ್ಲಿ.

ಕೆರಾಡಿಯು ಘಟ್ಟದ ತಪ್ಪಲಿನ ಗ್ರಾಮ. ಮೂಡಗಲ್ಲಿನ ಗುಹೆಯಲ್ಲಿ ನೀರಿನ ನಡುವೆ ನೆಲೆಸಿರುವ ಕೇಶವನಾಥೇಶ್ವರನಿಂದ ಈ ಊರು ಹೊರಗಿನವರಿಗೆ ಪರಿಚಿತವಾಗಿತ್ತು. ೧೯೮೩ನೆಯ ಜುಲಾಯಿ ೭ರಂದು ಇಲ್ಲಿಯ ಬಂಟ ಮನೆತನವೊಂದರಲ್ಲಿ ಹುಟ್ಟಿದ ಮಗನ ಹೆಸರು ಪ್ರಶಾಂತ ಶೆಟ್ಟಿ. ರಿಷಬ್ ಎಂಬುದು ಆಮೇಲೆ ಬಂದ ಹೆಸರು. ಬಾಲ್ಯದಲ್ಲಿ ಯಕ್ಷಗಾನದ ಗೆಜ್ಜೆ ಕಟ್ಟಿದ ಈ ಹುಡುಗನು ಹೆಚ್ಚಿನ ವಿದ್ಯೆಗೆ ಬೆಂಗಳೂರಿಗೆ ಹೋದನು. ವಾಣಿಜ್ಯ ಶಾಸ್ತ್ರವನ್ನು ಓದಿದರೂ ಮನಸ್ಸು ಚಿತ್ರದ ಕಡೆಗೆ ಇತ್ತು. ಘಟ್ಟ ಹತ್ತಿದ ಕುಂದಾಪುರದವರಿಗೆ ಹೋಟೆಲು ಕೆಲಸವು ಹೊಸದಲ್ಲ. ಪ್ರಶಾಂತನೂ ಹೋಟೆಲಿನಲ್ಲಿ ದುಡಿದನು, ನೀರಿನ ಕ್ಯಾನುಗಳನ್ನು ಮಾರಿದನು, ನಿವೇಶನಗಳ ವ್ಯವಹಾರದಲ್ಲಿ ತಿರುಗಿದನು. ಹೀಗೆ ಹೊಟ್ಟೆ ಹೊರೆಯುತ್ತಲೇ ಸರಕಾರದ ಚಲಚ್ಚಿತ್ರ ಸಂಸ್ಥೆಯಲ್ಲಿ ನಿರ್ದೇಶನದ ಪಾಠವನ್ನು ಮುಗಿಸಿ, 'ಸೈನೈಡ್' (೨೦೦೬) ಚಿತ್ರದಲ್ಲಿ ಸಹಾಯಕನಾದನು.

ನಟನಾಗಿ ಬೆಳಕಿಗೆ ಬರುವುದಕ್ಕೂ ವರ್ಷಗಳು ಹಿಡಿದುವು. ೨೦೧೨ರ 'ತುಘಲಕ್' ಚಿತ್ರದಲ್ಲಿ ಪ್ರತಿನಾಯಕನ ಪಾತ್ರ, ೨೦೧೩ರ 'ಲೂಸಿಯಾ'ದಲ್ಲಿ ಒಂದು ಸಣ್ಣ ಪಾತ್ರ, ೨೦೧೪ರಲ್ಲಿ ರಕ್ಷಿತ್ ಶೆಟ್ಟರು ನಿರ್ದೇಶಿಸಿದ 'ಉಳಿದವರು ಕಂಡಂತೆ'ಯಲ್ಲಿ ರಘು ಎಂಬವನ ಪಾತ್ರ. ಈ ಕೊನೆಯ ಚಿತ್ರವು ಮಲ್ಪೆಯ ಕಡಲ ದಂಡೆಯ ಬಾಳನ್ನು ಅಲ್ಲಿಯ ಮಾತಿನಲ್ಲಿಯೇ ಹೇಳಿತು. ಕರಾವಳಿಯ ಆಡುಮಾತನ್ನು ನಗೆಗಾಗಿ ಮಾತ್ರ ಬಳಸುತ್ತಿದ್ದ ಚಿತ್ರರಂಗದಲ್ಲಿ ಅದೇ ಮಾತು ಸಿಟ್ಟನ್ನೂ ಸಂಕಟವನ್ನೂ ಹೊರಬಲ್ಲುದೆಂದು ಆಗ ತಿಳಿದುಬಂತು.

೨೦೧೬ನೆಯ ಇಸವಿಯು ರಿಷಬರ ಬಾಳಿನಲ್ಲಿ ತಿರುವಿನದು. ಆ ವರ್ಷದ ಆರಂಭದಲ್ಲಿ ಅವರ ನಿರ್ದೇಶನದ ಮೊದಲ ಚಿತ್ರ 'ರಿಕ್ಕಿ'ಯು ಬಂತು. ಮಂಗಳೂರಿನ ಒಂದು ಚಿತ್ರಮಂದಿರದಲ್ಲಿ ಸಂಜೆಯ ಒಂದೇ ಒಂದು ಆಟವು ದೊರೆತುದನ್ನು ಆಗ ಅವರು ಸಂತೋಷದಿಂದ ಸಾರಿಕೊಂಡಿದ್ದರು. ಅದೇ ವರ್ಷದ ಡಿಸೆಂಬರ ಕೊನೆಯಲ್ಲಿ ತೆರೆಕಂಡ 'ಕಿರಿಕ್ ಪಾರ್ಟಿ'ಯಾದರೋ ನೂರು ದಿನಗಳನ್ನು ದಾಟಿ ನಡೆಯಿತು. ೨೦೧೮ರಲ್ಲಿ 'ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು' ಚಿತ್ರವನ್ನು ತೆಗೆದರು. ೧೯೫೬ರ ರಾಜ್ಯ ವಿಂಗಡಣೆಯಲ್ಲಿ ಕೇರಳಕ್ಕೆ ಸೇರಿದ ಕಾಸರಗೋಡಿನ ಕನ್ನಡ ಶಾಲೆಯೊಂದು ಮುಚ್ಚಿಹೋಗದಂತೆ ಮಕ್ಕಳೇ ಹೋರಾಡುವ ಕಥೆಯದು. ಅದಕ್ಕೆ ಉತ್ತಮ ಮಕ್ಕಳ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯು ದೊರೆಯಿತು. ಕೈಗೆ ಹಣ ಬಂದ ತರುವಾಯ ಇತರರ ಚಿತ್ರಗಳಿಗೂ ಬೆಂಬಲವಿತ್ತುದು ಇವರ ಗುಣವೆನ್ನಬೇಕು. ನಟೇಶ ಹೆಗಡೆಯವರ 'ಪೆದ್ರೊ' (೨೦೨೧), ಜೈಶಂಕರ ಆರ್ಯರ್ ಅವರ 'ಶಿವಮ್ಮ' (೨೦೨೨) ಇವುಗಳನ್ನು ಅವರೇ ತಯಾರಿಸಿದರು. ಎರಡೂ ಕೊರಿಯಾ ದೇಶದ ಬುಸಾನ್ ಚಿತ್ರೋತ್ಸವದವರೆಗೆ ಹೋದುವು.

ಮದುವೆಯಾದುದು ೨೦೧೭ನೆಯ ಫೆಬ್ರವರಿಯಲ್ಲಿ, 'ಕಿರಿಕ್ ಪಾರ್ಟಿ'ಯ ಜಯದ ಬೆನ್ನಲ್ಲಿಯೇ. ಪತ್ನಿ ಪ್ರಗತಿ ಶೆಟ್ಟರು ಮನೆಯೊಳಗಿನ ಸಹಾಯಕ್ಕೆ ನಿಲ್ಲದೆ ಚಿತ್ರಗಳ ವಸ್ತ್ರವಿನ್ಯಾಸವನ್ನು ಕೈಗೆತ್ತಿಕೊಂಡರು. ೨೦೧೯ರಲ್ಲಿ ಮಗನೂ ೨೦೨೨ರಲ್ಲಿ ಮಗಳೂ ಹುಟ್ಟಿದರು. ಗುರುದತ್ತರ ಮನೆಯಲ್ಲಿ ಚಿತ್ರವೂ ಸಂಸಾರವೂ ಒಂದನ್ನೊಂದು ನುಂಗಿದುವು; ಇಲ್ಲಿ ಮನೆಯೇ ಕೆಲಸದ ಶಾಲೆಯೂ ಆಯಿತು. 'ಕಾಂತಾರ'ದ ವೇಷಭೂಷಣಗಳೆಲ್ಲ ಪ್ರಗತಿಯವರ ಹೊಣೆಯಾಗಿದ್ದುವು. ಹೊಲಿಗೆಯ ಲೆಕ್ಕವನ್ನೂ ಹಸುಗೂಸನ್ನೂ ಒಟ್ಟಿಗೆ ನೋಡಿಕೊಂಡ ತಾಯಿಯ ಶ್ರಮವು ಅಂಗಳದಲ್ಲಿ ಕುಣಿದವನ ಶ್ರಮಕ್ಕಿಂತ ಕಡಮೆಯಾದುದೆಂದು ಯಾರು ಹೇಳಬಲ್ಲರು?

'ಕಾಂತಾರ'ವು ೨೦೨೨ನೆಯ ಸೆಪ್ಟೆಂಬರ ೩೦ರಂದು ಬಿಡುಗಡೆಯಾಯಿತು. ೧೯೯೦ರ ದಶಕದಲ್ಲಿ ಹುಟ್ಟೂರಿನ ಕಡೆಯಲ್ಲಿ ಕೃಷಿಕರೊಬ್ಬರಿಗೂ ಅರಣ್ಯಾಧಿಕಾರಿಗೂ ನಡೆದ ಜಗಳವು ಕಥೆಯ ಬೀಜವೆಂದು ನಿರ್ದೇಶಕರೇ ಹೇಳಿಕೊಂಡಿದ್ದಾರೆ. ೧೮೪೭ರಲ್ಲಿ ಅರಸನೊಬ್ಬನು ದೈವದ ಕಲ್ಲಿಗಾಗಿ ಕಾಡಿನವರಿಗೆ ಭೂಮಿಯನ್ನು ಬಿಟ್ಟುಕೊಡುವನು. ೧೯೭೦ರಲ್ಲಿ ಆತನ ಸಂತತಿಯವನು ಅದನ್ನು ಮರಳಿ ಕೇಳುವನು. ೧೯೯೦ರಲ್ಲಿ ಒಂದು ಕಡೆ ಅರಣ್ಯ ಇಲಾಖೆಯೂ ಇನ್ನೊಂದು ಕಡೆ ಧಣಿಯೂ ಅದೇ ಭೂಮಿಗೆ ಕೈಚಾಚುವರು. ಒಕ್ಕಲು, ಧಣಿ, ಕಾಡಿನ ಗಡಿ ಇವು ಘಟ್ಟದ ಬುಡದ ಜನರಿಗೆ ಕಥೆಯ ಮಾತುಗಳಲ್ಲ, ಪಹಣಿಯ ಮಾತುಗಳು. ಆದುದರಿಂದಲೇ ಚಿತ್ರವು ಮೊದಲು ಹಿಡಿದುದು ಇಲ್ಲಿಯವರನ್ನು. ಕೆರಾಡಿಯ ಗುಡ್ಡ ಬಯಲುಗಳೇ ಚಿತ್ರದ ನೆಲ. ಆಡುವ ಮಾತು ಕರಾವಳಿಯದು. ಕಂಬಳದ ಗದ್ದೆಯಲ್ಲಿ ಕೋಣಗಳ ಹಿಂದೆ ಓಡಿದವರು ನಿರ್ದೇಶಕರೇ. ಸುಮಾರು ೧೬ ಕೋಟಿ ರೂಪಾಯಿಗಳಲ್ಲಿ ತಯಾರಾದ ಚಿತ್ರವು ಮೊದಲು ಕನ್ನಡದಲ್ಲಿ ಮಾತ್ರ ಬಂದು, ಎರಡು ವಾರಗಳು ಕಳೆಯುವಷ್ಟರಲ್ಲಿ ಹಿಂದಿ, ತೆಲುಗುಗಳಿಗೆ ಹೋಗಿ, ಅನಂತರ ತುಳುವಿಗೂ ಬಂದು, ೪೦೦ ಕೋಟಿಗೂ ಮಿಕ್ಕಿ ಗಳಿಸಿತು. ೨೦೨೨ರ ರಾಷ್ಟ್ರಪ್ರಶಸ್ತಿಗಳು ೨೦೨೪ರ ಆಗಸ್ಟಿನಲ್ಲಿ ಪ್ರಕಟವಾದಾಗ ರಿಷಬರು ಉತ್ತಮ ನಟರೆಂದು ಆರಿಸಲ್ಪಟ್ಟರು.

ಮುಂದಿನ ಚಿತ್ರವಾದ 'ಕಾಂತಾರ: ಅಧ್ಯಾಯ ೧'ಕ್ಕೆ ಕುಂಭಾಶಿಯ ಆನೆಗುಡ್ಡೆಯಲ್ಲಿ ೨೦೨೩ನೆಯ ನವೆಂಬರ ೨೭ರಂದು ಮುಹೂರ್ತವಾಯಿತು. ನಿರ್ದೇಶಕರು ಹೆಂಡತಿ ಮಕ್ಕಳೊಡನೆ ಬೆಂಗಳೂರನ್ನು ಬಿಟ್ಟು ಕುಂದಾಪುರದ ಕಡೆಗೆ ಬಂದು ನೆಲೆಸಿದರು. ಬೆಂಗಳೂರಿಗೆ ಹೊಟ್ಟೆಪಾಡಿಗಾಗಿ ಹೋದವನು ಬೆಂಗಳೂರಿನ ಉದ್ಯಮವನ್ನೇ ತನ್ನ ಊರಿಗೆ ಕರೆತಂದುದು ಈ ಸೀಮೆಯ ಚರಿತ್ರೆಯಲ್ಲಿ ಹೊಸದು. ನೂರಾರು ಮಂದಿ ಬಡಗಿಗಳು, ಬಣ್ಣಗಾರರು, ಅಡಿಗೆಯವರು, ವಾಹನದವರು ಕೆಲಸ ಕಂಡರು. ಜೊತೆಗೆ ದುಃಖವೂ ಬಂತು. ೨೦೨೪ರ ನವೆಂಬರಿನಲ್ಲಿ ಜಡ್ಕಲ್ಲಿನ ಬಳಿ ಕಲಾವಿದರ ವಾಹನವು ಮಗುಚಿ ಹಲವರು ಗಾಯಗೊಂಡರು. ೨೦೨೫ರ ಮೇ ತಿಂಗಳಲ್ಲಿ ಸಹಕಲಾವಿದನೊಬ್ಬನು ಬಿಡುವಿನ ವೇಳೆಯಲ್ಲಿ ಸೌಪರ್ಣಿಕೆಗೆ ಇಳಿದವನು ಮೇಲೆ ಬರಲಿಲ್ಲ. ೨೦೨೫ನೆಯ ಅಕ್ಟೋಬರ ೨ರಂದು ಚಿತ್ರವು ತೆರೆಕಂಡು, ಹಿಂದಿನದಕ್ಕಿಂತ ಹೆಚ್ಚಾಗಿ ಗಳಿಸಿತು. ಆ ಲೆಕ್ಕವನ್ನು ಬರೆಯುವವರು ಈ ಲೆಕ್ಕವನ್ನೂ ಬರೆಯಬೇಕು.

ಇನ್ನು ಎಲ್ಲಕ್ಕಿಂತ ಗಂಭೀರವಾದ ಪ್ರಶ್ನೆಯೊಂದಿದೆ. ಆಟಕ್ಕೂ ಆರಾಧನೆಗೂ ಇರುವ ವ್ಯತ್ಯಾಸವನ್ನು ಮೊದಲೇ ಹೇಳಿದೆ. ಕೋಲದಲ್ಲಿ ದೈವವು ಬರುವುದು ಜಾತಿಯಿಂದ ಕೀಳೆಂದು ಎಣಿಸಲ್ಪಟ್ಟವನ ಮೈಯಲ್ಲಿ. ಅಂದು ಧಣಿಯೂ ಆತನ ಮುಂದೆ ತಲೆಬಾಗಿ ನುಡಿಯನ್ನು ಕೇಳಬೇಕು. ಆ ಕಟ್ಟಳೆಯ ಬಲವಿರುವುದು ಅದು ನಡೆಯುವ ಅಂಗಳದಲ್ಲಿ, ಆ ರಾತ್ರಿಯಲ್ಲಿ. ಅದನ್ನು ಎಲ್ಲೆಂದರಲ್ಲಿ ತೋರಿಸಬಹುದಾದ ಚಿತ್ರವನ್ನಾಗಿ ಮಾಡಿದರೆ ಉಳಿಯುವುದೇನು? ದೈವದ ದೃಶ್ಯಗಳ ಕಾಲದಲ್ಲಿ ರಿಷಬರು ಮಾಂಸಾಹಾರವನ್ನು ತ್ಯಜಿಸಿ ನಿಷ್ಠೆಯಿಂದಿದ್ದರೆಂಬುದು ಗೌರವಕ್ಕೆ ಅರ್ಹವಾದುದು. ಆದರೆ ನೋಡಿದವರೆಲ್ಲರಿಗೂ ಆ ನಿಷ್ಠೆ ಇರಲಿಲ್ಲ. ಚಿತ್ರಮಂದಿರಗಳಲ್ಲಿ ದೈವದ ವೇಷ ಹಾಕಿ ಕೂಗುವವರು ಹೊರಟರು; ದೈವಾರಾಧಕರು ನೊಂದುಕೊಂಡರು; ಹಾಗೆ ಅನುಕರಿಸಬಾರದೆಂದು ಚಿತ್ರದ ತಯಾರಕರೇ ೨೦೨೫ರಲ್ಲಿ ಜನರನ್ನು ಬೇಡಿಕೊಳ್ಳಬೇಕಾಯಿತು. ಇನ್ನೊಂದು ಕಡೆಯಿಂದ, ಚಿತ್ರವು ಬಂದ ಬೆನ್ನಿಗೇ, ೨೦೨೨ರ ಅಕ್ಟೋಬರಿನಲ್ಲಿ, ಅರುವತ್ತು ವರ್ಷ ದಾಟಿದ ದೈವನರ್ತಕರಿಗೆ ತಿಂಗಳಿಗೆ ೨೦೦೦ ರೂಪಾಯಿಗಳ ಮಾಸಾಶನವನ್ನು ರಾಜ್ಯ ಸರಕಾರವು ಸಾರಿತು. ತಲೆಮಾರುಗಳಿಂದ ಊರಿನ ದೈವವನ್ನು ಮೈಮೇಲೆ ಹೊತ್ತವರ ಮುಪ್ಪಿನ ಅನ್ನವನ್ನು ಸರಕಾರವು ನೆನೆಯುವುದಕ್ಕೆ ಒಂದು ಚಿತ್ರವು ಬೇಕಾಯಿತೆಂಬುದು ಚಿತ್ರದ ಹೆಮ್ಮೆಯೂ ಹೌದು, ನಾಡಿನ ನಾಚಿಕೆಯೂ ಹೌದು.

ಆದುದರಿಂದ ಈ ಮೂವರ ಚರಿತ್ರೆಯಲ್ಲಿ ಗೆಲವನ್ನ ಮಾತ್ರ ಎಣಿಸುವುದು ಸರಿಯಾಗದು. ಕಾರಂತರಿಗೆ ಸಾಧನಗಳಿರಲಿಲ್ಲ; ಗುರುದತ್ತರಿಗೆ ಸಾಧನಗಳಿದ್ದುವು, ಮರಳಿ ಬರುವ ಮನೆಯಿರಲಿಲ್ಲ. ರಿಷಬರಿಗೆ ಎರಡೂ ಒದಗಿವೆ. ಅದರೊಡನೆ, ಊರಿನ ನಂಬಿಕೆಯನ್ನು ಲೋಕದ ಮುಂದಿಡುವವನು ಊರಿಗೆ ಉತ್ತರ ಕೊಡಬೇಕೆಂಬ ಹೊಣೆಯೂ ಒದಗಿದೆ. ಭಾರತದ ಮೂಕಚಿತ್ರಗಳಲ್ಲಿ ಬಹುಪಾಲು ನಾಶವಾಗಿಹೋದುವೆಂಬುದು ಎಲ್ಲರೂ ಬಲ್ಲ ಸಂಗತಿ. ಅಂದು ಅವುಗಳನ್ನು ಕಾದಿಡಬೇಕೆಂದು ಯಾರಿಗೂ ತೋಚಲಿಲ್ಲ. ಇಂದಿನ ಚಿತ್ರಗಳು ಉಳಿದಾವು. ಆದರೆ ಅವುಗಳಿಗೆ ಹೆಜ್ಜೆಯನ್ನೂ ನುಡಿಯನ್ನೂ ಒದಗಿಸಿದ ಪಾಣಾರರ, ಮೇಳದವರ, ಕಂಬಳದ ಗದ್ದೆಯವರ ಹೆಸರುಗಳು ಉಳಿಯಬೇಕಾದರೆ, ಮಂದಾರ್ತಿಯಿಂದ ಕೊಲ್ಲೂರಿನವರೆಗೆ ಮನೆಮನೆಗೆ ಹೋಗಿ ಕೇಳಿ ಬರೆದಿಡುವವರು ಬೇಕು. ಹಿರಿಯರು ಬದುಕಿರುವಾಗಲೇ ಆ ಕೆಲಸವು ಆಗಬೇಕಾಗಿದೆ.